ದ್ಯಾಮವ್ವ ನಕಲು ಮಾಡಲು ಕೂತ ಹಾಜರಿ ಪುಸ್ತಕ

ಹೊರದೇಶದ, ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್‌ನಲ್ಲಿ ದ್ಯಾಮವ್ವನ ಮನೆ ಎಲ್ಲಿ ಅಂದರೆ ಯಾರಾದರೂ ತೋರಿಸುತ್ತಾರೆ. ಬಾಗಿಲಲ್ಲಿ ಸಣ್ಣ ಸಣ್ಣ ಬೂಟು ಸಾಲಾಗಿ ಇರುವ ಮನೆ ಅದು. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುತ್ತಾರೆ, ಸಂಜೆ ಬಂದು ಪುಸ್ತಕದಲ್ಲಿ ಸಹಿ ಹಾಕಿ ಕರೆದುಕೊಂಡು ಹೋಗುತ್ತಾರೆ. ತಲೆಯ ಮೇಲೆ ವಿಮಾನ ಇಳಿಯುವ ಸದ್ದಿಗೆ ಹೊಸ ಮಕ್ಕಳು ಬೆಚ್ಚಿ ಬೀಳುತ್ತವೆ. ಹಳೇ ಮಕ್ಕಳು ಉಪ್ಪಿಟ್ಟಿನಿಂದ ತಲೆಯೂ ಎತ್ತುವುದಿಲ್ಲ.

ಒಂದು ಬುಧವಾರ ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದಾಗ ಬಾಗಿಲ ಗಂಟೆ ಸದ್ದಾಯಿತು. ಬಾಗಿಲಲ್ಲಿ ಗುರುತಿಲ್ಲದ ಮನುಷ್ಯ. ದ್ಯಾಮವ್ವನ ಹೆಸರನ್ನು ಹೇಗೋ ಎಳೆದಾಡಿ ಹೇಳಿದ, ಹೌದು ಅಂದ ಕೂಡಲೇ ದಪ್ಪ ಲಕೋಟೆ ಕೈಗಿಟ್ಟು ಹೊರಟುಹೋದ. ಒಡೆದು ನೋಡಿದರೆ ಕೋರ್ಟಿನ ಕಾಗದ. ಮೇಲೆ ನಿಧಿ ಅನ್ನುವ ಕೂಸಿನ ಅಪ್ಪ ಸುನೀಲಕುಮಾರನ ಹೆಸರು, ಅವನ ಹೆಂಡತಿ ಸಾಹಿತ್ಯಳ ಹೆಸರು. ಕೆಳಗೆ ದ್ಯಾಮವ್ವನದೇ ಹೆಸರು! ಪಾಪ, ಮಕ್ಕಳ ಗಿಡ್ಡ ಕುರ್ಚಿಯ ಮೇಲೇ ಕೂತುಬಿಟ್ಟಳು.

ನಮ್ಮ ಮಂದಿಗೆ ಕೋರ್ಟು ಅಂದರೆ ಸಾಕು, ಮೈ ಬಿಸಿಯಾಗುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಹೇಳಿಟ್ಟು ಹೋಗಿದ್ದಾರೆ. ಗೆಲ್ಲುವುದೂ ಇಲ್ಲದ, ಸೋಲುವುದೂ ಇಲ್ಲದ ಮೂರನೆಯವಳು ಏನು ಮಾಡಬೇಕು ಅನ್ನುವುದನ್ನು ಮಾತ್ರ ಹೇಳಲಿಲ್ಲ.

ಸಂಜೆ ಗಂಡ ಚನ್ನವೀರಪ್ಪ ಸ್ಕೂಲ್ ಬಸ್ ಓಡಿಸುವ ಕೆಲಸ ಮುಗಿಸಿ ಮನೆಗೆ ಬಂದ. ಕನ್ನಡಕ ಏರಿಸಿ ಕಾಗದ ತಿರುವಿದ. ಅವನ ಇಂಗ್ಲಿಷು ರಸ್ತೆಯ ಬೋರ್ಡು ಓದುವಷ್ಟಿತ್ತು, ಧೈರ್ಯ ಮಾತ್ರ ವಕೀಲನಷ್ಟಿತ್ತು.

"ನಮ್ಮ ಮ್ಯಾಲೆ ಕೇಸ್ ಹಾಕ್ಯಾರ. ನಿನ್ನ ಹಾಜರಿ ಪುಸ್ತಕ ಕೇಳ್ಯಾರ" ಅಂದ.

"ನಾ ಏನ್ ಮಾಡೀನ್ರೀ? ಅವರ ಕೂಸಿಗೆ ಅನ್ನ ಹಾಕಿದ್ದ ತಪ್ಪೇನು?"

"ಅದಕ್ಕs ಹೇಳ್ತಿದ್ದೆ, ಮಂದಿ ಮನಿ ಉಸಾಬರಿ ಬ್ಯಾಡಂತ. ಒಂದ್ ಕೆಲಸ ಮಾಡು. ಪುಸ್ತಕ ಹರದ ಒಗಿ. ಬೇಸ್‌ಮೆಂಟಿಗೆ ನೀರ್ ಬಂದಿತ್ತು, ಎಲ್ಲಾ ತೊಯ್ದ ಹೋತು ಅಂದ್ಬಿಡು. ಯಾರ ನೋಡಾಕ ಬರ್ತಾರ?"

ದ್ಯಾಮವ್ವ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಲಕೋಟೆಗೆ ಸೇರಿಸಿದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಇದು ನಿಧಿಯ ವಿಷಯವಾಗಿತ್ತು.

ನಿಧಿಗೆ ಐದು ವರ್ಷ. ಸುನೀಲಕುಮಾರ ಬೆಳಗಾವಿಯವನು, ಪಕ್ಕದ ಊರು ವಾನ್‌ನ ಒಂದು ಫ್ಯಾಕ್ಟರಿಯಲ್ಲಿ ಬೆಳಗಿನ ಶಿಫ್ಟು. ಸಾಹಿತ್ಯ ಮೈಸೂರಿನವಳು, ಡೌನ್‌ಟೌನಿನಲ್ಲಿ ಸಾಫ್ಟ್‌ವೇರ್ ಕೆಲಸ, ರೈಲಿಳಿದು ಮನೆ ಸೇರುವ ಹೊತ್ತಿಗೆ ಕತ್ತಲು. ಇಬ್ಬರೂ ಈಗ ಬೇರೆ ಬೇರೆ. ಮಗು ಮಂಗಳವಾರ, ಗುರುವಾರ ಅಪ್ಪನ ಹತ್ತಿರ, ಉಳಿದ ದಿನ ಅಮ್ಮನ ಹತ್ತಿರ. ಸಾಹಿತ್ಯ ಈಗ ವಿಟ್ಬಿಗೆ ಮನೆ ಬದಲಾಯಿಸಬೇಕು ಅಂತಿದ್ದಾಳೆ. ಅಷ್ಟು ದೂರ ಹೋದರೆ ವಾರದ ನಡುವೆ ಅಪ್ಪನ ಮನೆ ಅನ್ನುವುದು ಮುಗಿದಂತೆ, ಎರಡು ವಾರಕ್ಕೊಂದು ಶನಿವಾರ ಸಿಕ್ಕರೆ ಪುಣ್ಯ. ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಅವಳು ಹೀಗೆ ಬರೆದಿದ್ದಳು: ಒಟ್ಟಿಗಿದ್ದಾಗಲೂ ಮಗುವನ್ನು ನೋಡಿಕೊಂಡವಳು ನಾನೊಬ್ಬಳೇ. ಡೇಕೇರಿನಿಂದ ಕರೆತರುವುದಕ್ಕೂ ಇವರು ಹೋಗುತ್ತಿರಲಿಲ್ಲ, ಡೇಕೇರ್ ನಡೆಸುವ ಆಂಟಿಯ ಗಂಡನೇ ಬಿಟ್ಟು ಹೋಗುತ್ತಿದ್ದರು.

ಸುನೀಲ ಅಂದ, ಇಲ್ಲ, ನಾನೇ ಹೋಗುತ್ತಿದ್ದೆ. ಸರಿ, ಅದಕ್ಕೆ ಪುರಾವೆ? ಪುರಾವೆ ಇದ್ದದ್ದು ದ್ಯಾಮವ್ವನ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದ ಹಾಜರಿ ಪುಸ್ತಕದಲ್ಲಿ.

ಅವನು ಮೊದಲು ಬಾಯಲ್ಲೇ ಕೇಳಿದ್ದ. "ಕಾಕೂ, ಆ ಹಾಳಿಗಳದ್ದು ಒಂದ್ ಫೋಟೊ ಹೊಡ್ಕೊಳ್ಲಿ?" ದ್ಯಾಮವ್ವ ಆಗೋದಿಲ್ಲ ಅಂದಿದ್ದಳು. "ನಾ ನಿಮ್ಮಿಬ್ಬರ ಮನಿ ಉಪ್ಪೂ ಉಂಡೀನಪಾ. ಒಬ್ಬರ ಕಡಿ ನಿಂದ್ರಂಗಿಲ್ಲ." ಆಮೇಲೆ ಅವನ ವಕೀಲರು ಪತ್ರ ಬರೆದರು. ಆ ಪತ್ರ ಅಕ್ಕಿ ಡಬ್ಬಿಯ ಹಿಂದೆ ಹೋಗಿ ಕೂತಿತು. ಇಬ್ಬರೂ ಒಪ್ಪಿ ಸಹಿ ಮಾಡಿ ಕೇಳೋಣ ಅಂತ ಸಾಹಿತ್ಯಳನ್ನೂ ಕೇಳಿ ನೋಡಿದರು. ಆಕೆ ಒಪ್ಪಲಿಲ್ಲ. ಇಷ್ಟೆಲ್ಲ ಆದ ಮೇಲೆಯೇ ಕೋರ್ಟಿನ ಲಕೋಟೆ ಬಂದದ್ದು.

ಶನಿವಾರ ಮಕ್ಕಳಿಲ್ಲದ ದಿನ. ಮಧ್ಯಾಹ್ನ ದ್ಯಾಮವ್ವ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟುಕೊಂಡು ಕೂತಳು. ಒಂದು ಹಳೆಯದು: ಅರಿಶಿನದ ಬೆರಳಚ್ಚು, ಹಾಲಿನ ಕಲೆ, ಅಂಚಿನಲ್ಲಿ ಅವಳದೇ ಕನ್ನಡದ ಗೀಚು. ಇನ್ನೊಂದು ಅಂಗಡಿಯಿಂದ ಆಗಷ್ಟೇ ತಂದದ್ದು. ಹಳೆಯದನ್ನು ನೋಡಿ ಹೊಸದರಲ್ಲಿ ದುಂಡಗೆ ಬರೆಯತೊಡಗಿದಳು. ಹೊಲಸು ಪುಸ್ತಕವನ್ನು ಜಡ್ಜ್ ಕೈಗೆ ಹೇಗೆ ಕೊಡುವುದು? ಮನೆಗೆ ಬೀಗರು ಬಂದರೆ ಹರಿದ ಚಾಪೆ ಹಾಸುತ್ತೇವೆಯೇ?

ಬರೆಯುತ್ತ ಬರೆಯುತ್ತ ಅವಳ ಮನಸ್ಸು ಇನ್ನೊಂದು ದಾರಿ ಹಿಡಿಯಿತು. ತಡವಾಗಿ ಬಂದ ದಿನಗಳನ್ನು, ಫೋನ್ ಹತ್ತದ ದಿನಗಳನ್ನು ಬಿಡುತ್ತ ಹೋದಳು. ಸುನೀಲನದೂ ಬಿಟ್ಟಳು, ಸಾಹಿತ್ಯಳದೂ ಬಿಟ್ಟಳು. ಯಾರ ಮಾನವೂ ಹೋಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಂಡನ ಉಪಾಯಕ್ಕಿಂತ ತನ್ನದೇ ಮೇಲು ಅಂತ ಒಳಗೊಳಗೇ ಹಿಗ್ಗಿದಳು ಕೂಡ.

ಆ ಹೊತ್ತಿಗೆ ಥಾರ್ನ್‌ಹಿಲ್‌ನಿಂದ ರಾಜಲಕ್ಷ್ಮಿ ಬಂದರು. ಜೋಳದ ರೊಟ್ಟಿ ಒಯ್ಯಲು ಆಗಾಗ ಬರುವವರು. ಮೈಸೂರು ಕಡೆಯವರು, ಕುಟುಂಬ ಕೇಸುಗಳ ವಕೀಲರೊಬ್ಬರ ಆಫೀಸಿನಲ್ಲಿ ಕ್ಲರ್ಕು. ಈ ಕೇಸಿಗೂ ಅವರ ಆಫೀಸಿಗೂ ಸಂಬಂಧವಿರಲಿಲ್ಲ. ಮೇಜು ನೋಡಿದವರೇ ನಿಂತುಬಿಟ್ಟರು.

"ಏನ್ ಮಾಡ್ತಿದ್ದೀರಿ ದ್ಯಾಮವ್ವನವರೇ?"

"ಫೇರ್ ಮಾಡಾಕತ್ತೀನ್ರಿ ಅಕ್ಕಾರ. ಕೋರ್ಟಿನವರು ಕೇಳ್ಯಾರ."

ರಾಜಲಕ್ಷ್ಮಿ ಕೋರ್ಟಿನ ಕಾಗದವನ್ನು ಪೂರ್ತಿ ಓದಿದರು. ಆಮೇಲೆ ಎರಡೂ ಪುಸ್ತಕ ತಿರುವಿದರು. ಚಹಾ ಆರಿಹೋದದ್ದೂ ಅವರಿಗೆ ಗೊತ್ತಾಗಲಿಲ್ಲ.

"ಮೊದಲನೇ ಮಾತು. ನಿಮ್ಮ ಮೇಲೆ ಯಾರೂ ಕೇಸ್ ಹಾಕಿಲ್ಲ. ಜಗಳ ಅವರಿಬ್ಬರದು. ನೀವು ಹೊರಗಿನವರು. ನಿಮ್ಮ ಹತ್ತಿರ ಒಂದು ದಾಖಲೆ ಇದೆ, ಅದು ಇಲ್ಲದೇ ಕೇಸ್ ನಡೆಸಿದ್ರೆ ನನಗೆ ಅನ್ಯಾಯವಾಗತ್ತೆ ಅಂತ ಸುನೀಲ್ ಜಡ್ಜ್ ಹತ್ತಿರ ಕೇಳಿಕೊಳ್ತಿದ್ದಾರೆ. ಇದಕ್ಕೆ ಮೋಷನ್ ಅಂತಾರೆ. ನಿಮಗೆ ತಿಳಿಸದೇ ನಿಮ್ಮ ಪುಸ್ತಕ ಕೇಳೋ ಹಾಗಿಲ್ಲ, ಅದಕ್ಕೇ ಮನೆಗೆ ತಂದು ಕೈಗೆ ಕೊಟ್ಟಿದ್ದು. ಇದು ಅವಮಾನ ಅಲ್ಲ, ಮರ್ಯಾದೆ."

ಸೋಫಾದಲ್ಲಿ ಕೂತಿದ್ದ ಚನ್ನವೀರಪ್ಪ ಬಾಯಿ ಹಾಕಿದ. "ಇಲ್ಲ ಅಂದ್ರ ಏನ್ ಮಾಡ್ತಾರ್ರೀ? ಪುಸ್ತಕ ಕಳದೈತಿ ಅಂದ್ರ?"

"ಕಳೆದಿಲ್ವಲ್ಲ ರಾಯರೇ, ಇಲ್ಲೇ ಮೇಜಿನ ಮೇಲಿದೆ. ಕೋರ್ಟು ಕೇಳ್ತಿದೆ ಅಂತ ಗೊತ್ತಾದ ಮೇಲೆ ಹರಿದರೆ, ಸುಟ್ಟರೆ, ಇಲ್ಲ ಅಂದರೆ, ಆಗ ನೀವು ಹೊರಗಿನವರಾಗಿ ಉಳಿಯಲ್ಲ. ತಪ್ಪು ನಿಮ್ಮ ತಲೆಗೆ ಬರತ್ತೆ."

ಚನ್ನವೀರಪ್ಪ ಟಿವಿಯ ಕಡೆ ನೋಡಿದ. ಟಿವಿ ಆಫ್ ಆಗಿತ್ತು.

"ನಾ ಹರಿಯಂಗಿಲ್ರಿ" ಅಂದಳು ದ್ಯಾಮವ್ವ. "ಸ್ವಚ್ಛ ಬರದ ಕೊಡತೀನಿ. ತಡಾ ಆಗಿದ್ದು, ಫೋನ್ ಹತ್ತದ್ದು ಅಷ್ಟ ಬಿಟ್ಟೀನಿ. ಯಾಕ್ ಬೇಕ್ರಿ ಪಾಪ, ಇಬ್ಬರಿಗೂ ಕೆಟ್ಟ ಹೆಸರು."

ರಾಜಲಕ್ಷ್ಮಿ ಹಳೆಯ ಪುಸ್ತಕದ ಒಂದು ಹಾಳೆಯ ಮೇಲೆ ಬೆರಳಿಟ್ಟರು. "ಇಲ್ಲಿ ಏನ್ ಬರೆದಿದ್ದೀರಿ, ಓದಿ."

ದ್ಯಾಮವ್ವ ಓದಿದಳು. "ಭಾಳ ಹಿಮ. ಅಪ್ಪ ತಡಾ. ಹುಡುಗಿ ಬೂಟ್ ಹಾಕ್ಕೊಂಡs ಮಲಗೇತಿ."

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ರಸ್ತೆಯಲ್ಲಿ ಕಾರುಗಳೆಲ್ಲ ಅಲ್ಲಲ್ಲೇ ನಿಂತಿದ್ದವು. ಸುನೀಲ ಕಾರನ್ನು ಎಲ್ಲೋ ಬಿಟ್ಟು, ಸಿಕ್ಕ ಬಸ್ಸು ಹತ್ತಿ, ಉಳಿದ ದಾರಿ ನಡೆದು ಬಂದಿದ್ದ. ಮೀಸೆಯ ಮೇಲೆಲ್ಲ ಹಿಮ. ಸಹಿ ಹಾಕಲು ಬೆರಳು ಮಡಚುತ್ತಿರಲಿಲ್ಲ. ನಿಧಿ ನಿದ್ದೆಗಣ್ಣಲ್ಲೇ "ಅಪ್ಪಾ ಈಸ್ ಹಿಯರ್" ಅಂದು ಕೈ ಚಾಚಿದ್ದಳು.

"ಈಗ ನಿಮ್ಮ ಹೊಸ ಪುಸ್ತಕದಲ್ಲಿ ಆ ದಿನ ತೋರಿಸಿ" ಅಂದರು ರಾಜಲಕ್ಷ್ಮಿ.

ಇರಲಿಲ್ಲ.

"ತಡ ಆಗಿದ್ದನ್ನ ಮುಚ್ಚಿಡೋಕೆ ಹೋಗಿ, ಬಂದಿದ್ದನ್ನೇ ಅಳಿಸಿಬಿಟ್ರಲ್ಲ ದ್ಯಾಮವ್ವನವರೇ. ಈ ಪುಸ್ತಕ ನೋಡಿದ್ರೆ ಆ ಅಪ್ಪ ಆವತ್ತು ಬರಲೇ ಇಲ್ಲ. ಸಾಹಿತ್ಯ ಹೇಳಿದ್ದೇ ನಿಜ ಅನ್ನಿಸತ್ತೆ."

ದ್ಯಾಮವ್ವ ಹೊಸ ಪುಸ್ತಕವನ್ನು ಆಚೆ ಸರಿಸಿದಳು. "ಅಯ್ಯ ಶಿವನs!"

"ಇಲ್ಲಿ ನೋಡಿ, ಇದೂ ಬಿಟ್ಟಿದ್ದೀರಿ. ನೀವೇ ಬರೆದಿದ್ದು: ನಿಧಿಗೆ ಜ್ವರ. ಅಪ್ಪನ ಫೋನ್ ಹತ್ತಲಿಲ್ಲ. ಅವ್ವ ಆಫೀಸ್ ಬಿಟ್ಟು ಮಧ್ಯಾಹ್ನಾನೇ ಬಂದಳು. ಅಪ್ಪನ ಮಾನ ಉಳಿಸೋಕೆ ಹೋಗಿ ಅಮ್ಮ ಓಡಿ ಬಂದಿದ್ದನ್ನೂ ನುಂಗಿಬಿಟ್ರಿ."

ದ್ಯಾಮವ್ವನಿಗೆ ಅಳುವೇ ಬಂತು. ಒಳ್ಳೆಯದು ಮಾಡಲು ಹೋಗಿ ಆ ಕೂಸಿನ ಅಪ್ಪನನ್ನೂ ಅವ್ವನನ್ನೂ ತಾನೇ ಅಳಿಸುತ್ತ ಕೂತಿದ್ದೆನಲ್ಲ ಅಂತ ಸಂಕಟವಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡು, "ಈಗ ಏನ್ ಮಾಡ್ಲಿ ಹೇಳ್ರಿ" ಅಂದಳು.

"ಏನೂ ಮಾಡಬೇಡಿ. ಅದೇ ಸರಿಯಾದ ಕೆಲಸ. ಹಳೇ ಪುಸ್ತಕ ಹೇಗಿದೆಯೋ ಹಾಗೇ ಇರಲಿ. ಅರಿಶಿನ ಇರಲಿ, ಕಲೆ ಇರಲಿ. ಒಂದಕ್ಷರ ತಿದ್ದಬೇಡಿ, ಒಂದಕ್ಷರ ಸೇರಿಸಬೇಡಿ. ಈ ಹೊಸದರ ಕಥೆ ಕೋರ್ಟಲ್ಲಿ ಕೇಳಿದ್ರೆ ಹೀಗೆ ಬರೆಯೋಕೆ ಶುರು ಮಾಡಿದ್ದೆ, ನಿಲ್ಲಿಸಿದೆ ಅಂತ ನಿಜ ಹೇಳಿ. ಇದನ್ನೂ ಎಸೀಬೇಡಿ, ಬೇರೆ ಕಡೆ ಎತ್ತಿಡಿ."

"ಮತ್ತ ಬ್ಯಾರೆ ಮಕ್ಕಳ ಹೆಸರೂ ಅದs ಹಾಳ್ಯಾಗ ಅದಾವಲ್ರಿ? ಅವರ ಅವ್ವ ಅಪ್ಪ ನನ್ನ ನಂಬಿ ಬಿಟ್ಟಾರ."

"ಇದು ಒಳ್ಳೇ ಪ್ರಶ್ನೆ. ಅದನ್ನ ಜಡ್ಜ್‌ಗೇ ಹೇಳಿ. ಮೋಷನ್ ದಿನ ನೀವೂ ಮಾತಾಡಬಹುದು. ಕೊಡೋಕೆ ತೊಂದರೆ ಇದ್ರೆ, ಯಾವುದಾದ್ರೂ ಗುಟ್ಟಾಗಿ ಇರಬೇಕಾದ್ದಿದ್ರೆ, ಕೇಳಿದ್ದು ತೀರಾ ಜಾಸ್ತಿ ಅನ್ನಿಸಿದ್ರೆ ಹೇಳೋ ಹಕ್ಕು ನಿಮಗಿದೆ. ಸುಮ್ಮನೆ ಎಲ್ಲಾ ಕೊಡಿ ಅಂತ ಯಾರೂ ಬಲೆ ಬೀಸೋ ಹಾಗಿಲ್ಲ. ಆ ಮಗೂಗೆ ಸಂಬಂಧಪಟ್ಟಿದ್ದು, ಕೇಸಿಗೆ ಬೇಕಾದ್ದು, ಅಷ್ಟೇ."

"ಹಂಗಾರ ಮೊದಲs ಆ ಸುನೀಲಗ ಕೊಟ್ಟಿದ್ರ ಈ ರಗಳೆನs ಇರ್ತಿರಲಿಲ್ಲ" ಅಂದ ಚನ್ನವೀರಪ್ಪ.

"ಒಬ್ಬರಿಗೇ ಗುಟ್ಟಾಗಿ ಕೊಡದೇ ಇದ್ದಿದ್ದು ತಪ್ಪಲ್ಲ ರಾಯರೇ. ವಕೀಲರ ಪತ್ರಕ್ಕೆ ಉತ್ತರ ಕೊಡದೇ ಇದ್ದಿದ್ದು ತಪ್ಪು. ಇಬ್ಬರೂ ಒಪ್ಪಿದ್ರೆ ಕೊಡ್ತೀನಿ, ಇಲ್ಲಾ ಕೋರ್ಟ್ ಆರ್ಡರ್ ತನ್ನಿ ಅಂತ ಎರಡು ಸಾಲು ಬರೆದಿದ್ರೆ ಸಾಕಿತ್ತು." ಆಮೇಲೆ ದ್ಯಾಮವ್ವನ ಕಡೆ ತಿರುಗಿದರು. "ನಾನು ವಕೀಲೆ ಅಲ್ಲ. ಹೇಗೆ ನಡೆಯತ್ತೆ ಅಂತ ಹೇಳಬಲ್ಲೆ, ಅಷ್ಟೇ. ಸೋಮವಾರ ಲಾ ಸೊಸೈಟಿ, ಅಂದ್ರೆ ವಕೀಲರ ಸಂಸ್ಥೆಯ ರೆಫರಲ್ ಸರ್ವಿಸಿಗೆ ಕೇಳಿ, ಒಬ್ಬ ವಕೀಲರ ಹತ್ತಿರ ಸ್ವಲ್ಪ ಹೊತ್ತು ಫ್ರೀಯಾಗಿ ಮಾತಾಡೋಕೆ ಅವರು ದಾರಿ ಮಾಡಿಕೊಡ್ತಾರೆ. ಕೋರ್ಟಿನಲ್ಲೇ ಕುಟುಂಬ ಕೇಸುಗಳ ಮಾಹಿತಿ ಕೇಂದ್ರ ಇರತ್ತೆ, ಅಲ್ಲೂ ಕೇಳಬಹುದು."

ರೊಟ್ಟಿ ಕಟ್ಟು ಹಿಡಿದು ಅವರು ಹೋದರು. ದ್ಯಾಮವ್ವ ಹಳೆಯ ಪುಸ್ತಕವನ್ನು ದೇವರ ಕಪಾಟಿನಲ್ಲಿ ಇಟ್ಟು ಬಾಗಿಲು ಹಾಕಿದಳು. ಗಂಡನಿಗೆ ಹೇಳಿದಳು, "ನೀವು ಇದರ ಹಂತೇಕ ಸುಳಿಬ್ಯಾಡ್ರಿ."

ಸೋಮವಾರ ರೆಫರಲ್ ಸರ್ವಿಸ್ ಕೊಟ್ಟ ವಕೀಲರ ಜೊತೆ ಮಾತಾಡಿದಳು. ಅವರೂ ಅದನ್ನೇ ಹೇಳಿದರು. ಮೋಷನ್ ನಡೆದದ್ದು ವಿಡಿಯೊದಲ್ಲಿ. ದ್ಯಾಮವ್ವ ಇಳಕಲ್ ಸೀರೆ ಉಟ್ಟು, ಕುಂಕುಮ ತಿದ್ದಿ, ಲ್ಯಾಪ್‌ಟಾಪಿನ ಮುಂದೆ ಮದುವೆಗೆ ಕೂತಂತೆ ಕೂತಳು. ಮೊದಲೇ ಕೇಳಿಕೊಂಡಿದ್ದರಿಂದ ಮಾತು ಅನುವಾದಿಸುವ ಇಂಟರ್‌ಪ್ರಿಟರ್ ಇದ್ದರು. ಪರದೆಯಲ್ಲಿ ಒಂದು ಕಡೆ ಸುನೀಲ, ಇನ್ನೊಂದು ಕಡೆ ಸಾಹಿತ್ಯ. ಇಬ್ಬರೂ ಇವಳ ಮುಖ ನೋಡಲಿಲ್ಲ.

ಜಡ್ಜ್ ಕೇಳಿದರು, ಈ ದಾಖಲೆ ಕೊಡಲು ನಿಮ್ಮ ಆಕ್ಷೇಪಣೆ ಇದೆಯೇ?

"ಇಲ್ರಿ ಸಾಹೇಬ್ರ. ಬ್ಯಾರೆ ಮಕ್ಕಳ ಹೆಸರ ಮಾತ್ರ ಹೊರಗ ಹೋಗಬಾರದ್ರಿ. ಮತ್ತ ಪುಸ್ತಕ ಹೊಲಸಾಗೈತಿ, ತಪ್ಪ ತಿಳಕೋಬ್ಯಾಡ್ರಿ. ಕನ್ನಡದಾಗೂ ಬರದೀನಿ."

ಇಂಟರ್‌ಪ್ರಿಟರ್ ಅದನ್ನೆಲ್ಲ ಹೇಳಿ ಮುಗಿಸಿದರು. ಜಡ್ಜ್ ನಗಲಿಲ್ಲ, ಗದರಲೂ ಇಲ್ಲ. ಬೇರೆ ಮಕ್ಕಳ ಹೆಸರು ಮುಚ್ಚಿ ಪ್ರತಿ ತೆಗೆಯಬೇಕು, ಎರಡೂ ಕಡೆಗೆ ಒಂದೇ ಪ್ರತಿ ಸಿಗಬೇಕು, ಕನ್ನಡದ ಸಾಲುಗಳಿಗೆ ಅನುವಾದ ಮಾಡಿಸಬೇಕು, ಪ್ರತಿ ತೆಗೆಯುವ ಖರ್ಚು ಕೇಳಿದವರದು, ಮೂಲ ಪುಸ್ತಕವನ್ನು ದ್ಯಾಮವ್ವ ಜೋಪಾನವಾಗಿ ಇಟ್ಟುಕೊಳ್ಳಬೇಕು ಅಂತ ಆದೇಶ ಮಾಡಿದರು. ಅಷ್ಟೇ. ಒಲೆಯ ಮೇಲಿಟ್ಟ ಬೇಳೆ ಇನ್ನೂ ಬೆಂದಿರಲಿಲ್ಲ.

"ಇಷ್ಟs ಏನು?" ಅಂದ ಚನ್ನವೀರಪ್ಪ, ಬಾಗಿಲ ಮರೆಯಿಂದ. ಇಷ್ಟು ದಿನ ಅನ್ನ ಸೇರದೆ ಓಡಾಡಿದವನು ಅವನೇ.

ಹಾಜರಿ ಪುಸ್ತಕ ಯಾರನ್ನೂ ಗೆಲ್ಲಿಸಲಿಲ್ಲ ಅನ್ನುವುದನ್ನು ಹೇಳಲೇಬೇಕು. ಸುನೀಲ ತಾನು ಹೇಳಿಕೊಂಡಷ್ಟು ದಿನ ಬಂದಿರಲಿಲ್ಲ, ಸಾಹಿತ್ಯ ಬರೆದಷ್ಟು ಕಡಿಮೆಯೂ ಬಂದಿರಲಿಲ್ಲ. ಕೆಲವು ಸಂಜೆ ಚನ್ನವೀರಪ್ಪ ಬಿಟ್ಟು ಬಂದದ್ದೂ ಅದರಲ್ಲಿತ್ತು. ಆದರೆ ಹೆಚ್ಚಿನ ಸಂಜೆಗಳ ಮುಂದೆ ಇದ್ದದ್ದು ಅಪ್ಪನ ಸಹಿಯೇ.

ಪ್ರತಿ ಕೈಸೇರಿದ ಮೇಲೆ ಒಂದು ಸಂಜೆ ಸಾಹಿತ್ಯ ನಿಧಿಯನ್ನು ಕರೆದೊಯ್ಯಲು ಬಂದಳು. ಮಗುವಿಗೆ ಜಾಕೆಟ್ ಹಾಕಿ ಮುಗಿಸಿದರೂ ಬಾಗಿಲಲ್ಲೇ ನಿಂತಳು. ದ್ಯಾಮವ್ವನಿಗೆ ಅಂಜಿಕೆಯಾಯಿತು. ಇನ್ನು ಮುಂದೆ ಮಗುವನ್ನು ಕಳಿಸುವುದಿಲ್ಲ ಅನ್ನುತ್ತಾಳೇನೋ.

"ಆಂಟಿ, ನೀವು ಅವರ ಕಡೆ ಆಗ್ಬಿಟ್ರಿ ಅಂತ ಸಿಟ್ಟಿತ್ತು ನಂಗೆ."

"ಇಬ್ಬರಿಗೂ ಒಂದs ಹಾಳಿ ಕೊಟ್ಟೀನವ್ವಾ. ಕೂಸಿಗೆ ಜ್ವರ ಬಂದಾಗ ನೀ ಓಡಿ ಬಂದ ದಿನಾನೂ ಅದರಾಗ ಐತಿ."

"ನೋಡಿದೆ." ಸಾಹಿತ್ಯ ಮಗುವಿನ ಟೋಪಿ ಸರಿಮಾಡಿದಳು. "ನಾನು ಬೇಕಂತ ಸುಳ್ಳು ಬರೀಲಿಲ್ಲ ಆಂಟಿ. ಒಂದೆರಡು ಸಲ ಅಂಕಲ್ ಬಿಟ್ಟು ಹೋಗಿದ್ದು ನೋಡಿದ್ದೆ. ಉಳಿದ ದಿನ ನಾನು ಮನೆಗೆ ಬರೋ ಹೊತ್ತಿಗೆ ಇವಳು ಊಟ ಮಾಡಿ ಮಲಗಿರ್ತಿದ್ಳು. ಯಾರು ಕರ್ಕೊಂಡು ಬಂದ್ರು ಅಂತ ನಾನು ಒಂದು ದಿನಾನೂ ಕೇಳ್ಲೇ ಇಲ್ಲ."

ದ್ಯಾಮವ್ವ ಅವಳ ಭುಜ ಸವರಿದಳು.

ಆಮೇಲೆ ಎರಡೂ ಕಡೆಯವರು ವಕೀಲರ ಜೊತೆ ಕೂತು ಮಾತಾಡಿದರು. ಗಂಡ ಹೆಂಡತಿ ಒಂದಾಗಲಿಲ್ಲ, ಆ ಕಥೆ ಬೇರೆ. ವಿಟ್ಬಿಯ ಮಾತು ಬಿಟ್ಟುಹೋಯಿತು. ಸಾಹಿತ್ಯ ಇದೇ ಊರಿನ ಹತ್ತಿರ ಮನೆ ಹುಡುಕಿಕೊಂಡಳು. ಮಂಗಳವಾರವೂ ಗುರುವಾರವೂ ನಿಧಿ ಅಪ್ಪನ ಮನೆಯಲ್ಲೇ ಮಲಗುತ್ತಾಳೆ.

ಓದುವವರೇ, ಕೇಳುವವರೇ, ಈಗ ನಿಮ್ಮ ಮಾತು. ನೀವು ಡೇಕೇರ್ ನಡೆಸುವವರಿರಬಹುದು, ಟ್ಯೂಷನ್ ಹೇಳುವವರಿರಬಹುದು, ಬಾಡಿಗೆಗೆ ಬೇಸ್‌ಮೆಂಟು ಕೊಟ್ಟವರಿರಬಹುದು. ಬೇರೆಯವರ ಸಂಸಾರದ ಕೇಸಿಗೆ ಬೇಕಾದ ಕಾಗದ ನಿಮ್ಮ ಕಪಾಟಿನಲ್ಲಿ ಇರಬಹುದು. ವಕೀಲರ ಪತ್ರ ಬಂದರೆ ಡಬ್ಬಿಯ ಹಿಂದೆ ತುರುಕಬೇಡಿ, ಉತ್ತರ ಕೊಡಿ. ಕೋರ್ಟಿನ ಕಾಗದ ಬಂದರೆ ಕೇಸ್ ನಿಮ್ಮ ಮೇಲೆ ಅಂದುಕೊಂಡು ಹೆದರಬೇಡಿ. ಪೂರ್ತಿ ಓದಿ, ಓದಲಾಗದಿದ್ದರೆ ಓದಿಸಿ, ತಾರೀಖು ನೋಡಿಟ್ಟುಕೊಳ್ಳಿ, ತಿಳಿದವರನ್ನು ಕೇಳಿ. ಆಕ್ಷೇಪಣೆ ಇದ್ದರೆ ಜಡ್ಜ್ ಮುಂದೆ ಹೇಳಿ.

ನೀವೇ ಕೇಸ್ ನಡೆಸುವವರಾಗಿದ್ದರೆ, ಗೆಳೆಯರ ಕೈಯಲ್ಲಿ ಕದ್ದು ಫೋಟೊ ಹೊಡೆಸಬೇಡಿ. ಮೊದಲು ಕೇಳಿ. ಇಬ್ಬರೂ ಒಪ್ಪಿದರೆ ಸಲೀಸು. ಒಪ್ಪದಿದ್ದರೆ ಕೋರ್ಟಿನ ದಾರಿ ಇದೆ. ಒಂದೊಂದು ಕೇಸಿನ ರೀತಿ ಒಂದೊಂದು, ಆದ್ದರಿಂದ ನಿಮ್ಮದಕ್ಕೆ ವಕೀಲರ ಮಾತು ಕೇಳಿ.

ದಾಖಲೆಯನ್ನು ಮಾತ್ರ, ದಯವಿಟ್ಟು, ಯಾರ ಮೇಲಿನ ಪ್ರೀತಿಗೂ ತಿದ್ದಬೇಡಿ. ಅದರಲ್ಲಿ ಒಂದು ಮಗುವಿನ ಅಪ್ಪ ಅಮ್ಮ ಬಂದು ಹೋದ ದಿನಗಳಿರುತ್ತವೆ.